ಮೊದಲು ಪ್ರತಿ, ಆಮೇಲೆ ದುರಸ್ತಿ: ಕೆಡುತ್ತಿರುವ ಎಸ್‌ಎಸ್‌ಡಿಯಿಂದ ದತ್ತಾಂಶ ಉಳಿಸಿಕೊಳ್ಳುವ ಬಗೆ



ತಂತ್ರಜ್ಞಾನದ ತಿಳಿವಳಿಕೆ ಕನ್ನಡದಲ್ಲಿ ಸಿಗಬೇಕು, ಅದೂ ಕೇಳಿದವರ ಕೆಲಸಕ್ಕೆ ಬರುವಂತೆ ಸಿಗಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯವೆಂದು ಸಂಘಟಕರು ತಿಳಿಸಿದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ವಿಷಯವನ್ನು ಆರಿಸಿಕೊಂಡೆ. ಲಿನಕ್ಸ್ ನಡೆಸುವ ಗಣಕದಲ್ಲಿ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ದತ್ತಾಂಶ ಹಿಡಿದಿಡುವ ಡ್ರೈವ್) ಕೆಡತೊಡಗಿದಾಗ ಅದರೊಳಗಿನ ದತ್ತಾಂಶವನ್ನು ಹೊರತೆಗೆಯುವುದು ಹೇಗೆ ಎಂಬುದು ಆ ವಿಷಯ.

ಇದು ಎಂಜಿನಿಯರುಗಳಿಗೆ ಮಾತ್ರ ಸೇರಿದ ವಿಚಾರವೆಂದು ನಾನು ಭಾವಿಸಿಲ್ಲ. ಸಂಶೋಧನಾ ವಿದ್ಯಾರ್ಥಿಯ ಪ್ರಬಂಧದ ಕರಡು, ಜಾನಪದ ಅಧ್ಯಯನ ಮಾಡುವವರ ಕ್ಷೇತ್ರಕಾರ್ಯದ ಧ್ವನಿಮುದ್ರಣ, ಶಾಸನಗಳ ಛಾಯಾಚಿತ್ರ, ಕಚೇರಿಯ ಲೆಕ್ಕಪತ್ರ ಎಲ್ಲವೂ ಇಂದು ಎರಡು ಬೆರಳಗಲದ ಹಲಗೆಯ ಮೇಲಿನ ಕೆಲವೇ ಚಿಪ್‌ಗಳಲ್ಲಿವೆ. ಆ ಹಲಗೆ ಕೆಡುವ ದಿನ ಹತ್ತಿರದಲ್ಲಿ ತಜ್ಞರು ಇರುತ್ತಾರೆಂದು ಹೇಳಲಾಗದು. ಯಂತ್ರದ ಮುಂದೆ ಕುಳಿತವರು ಮೊದಲ ಗಂಟೆಯಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಆ ಚಿಪ್ ನೆನಪಿಟ್ಟುಕೊಳ್ಳುವುದು ಹೇಗೆ, ಮರೆಯುವುದು ಹೇಗೆ ಎಂದು ಮೊದಲು ನೋಡೋಣ. ಬಳಿಕ ಕೆಡುಕಿನ ಲಕ್ಷಣಗಳು ಮತ್ತು ಕೂಡಲೇ ಮಾಡಬೇಕಾದ ಕೆಲಸ. ಮೂರನೆಯದಾಗಿ ಪ್ರತಿ ತೆಗೆಯುವ ಬಗೆ; ಹೆಚ್ಚಿನ ಹೊತ್ತನ್ನು ಅಲ್ಲಿಯೇ ಕಳೆಯುತ್ತೇನೆ. ಕೊನೆಗೆ ಆ ಪ್ರತಿಯಿಂದ ಕಡತಗಳನ್ನು, ಅದರಲ್ಲೂ ಕನ್ನಡ ಪಠ್ಯವನ್ನು, ಹುಡುಕಿ ತೆಗೆಯುವ ದಾರಿ.

ಮೊದಲ ಭಾಗಕ್ಕೆ ಬರುತ್ತೇನೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1967ರಲ್ಲಿ ಡಾವಾನ್ ಕಾಂಗ್ ಮತ್ತು ಸೈಮನ್ ಝೀ ಎಂಬ ಇಬ್ಬರು ವಿಜ್ಞಾನಿಗಳು ಸುತ್ತಲೂ ವಿದ್ಯುತ್ ನಿರೋಧಕವಿರುವ ಪುಟ್ಟ ಕೋಣೆಯೊಂದರಲ್ಲಿ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಟ್ರಾನ್ಸಿಸ್ಟರನ್ನು ರೂಪಿಸಿದರು. ವಿದ್ಯುತ್ ಹೋದರೂ ಆ ಎಲೆಕ್ಟ್ರಾನ್‌ಗಳು ಒಳಗೇ ಉಳಿಯುತ್ತವೆ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಒಕಾ ಈ ತತ್ತ್ವದಿಂದ ಫ್ಲ್ಯಾಶ್ ಮೆಮೊರಿಯನ್ನು ಬೆಳೆಸಿದರು. ಇಂದು ನಮ್ಮ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆಯ ಫ್ಲ್ಯಾಶ್ 1987ರಲ್ಲಿ ಅವರ ತಂಡ ಪ್ರಕಟಿಸಿದ್ದು.

ಇಂಥ ಟ್ರಾನ್ಸಿಸ್ಟರ್ ಒಂದೊಂದೂ ಒಂದು ಕೋಶ. ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ ಎರಡು ವೋಲ್ಟೇಜ್ ಮಟ್ಟಗಳನ್ನು ಗುರುತಿಸಿದರೆ ಸಾಕು. ಟಿಎಲ್‌ಸಿ ಎಂದು ಕರೆಯುವ ಬಗೆಯಲ್ಲಿ ಕೋಶಕ್ಕೆ ಮೂರು ಬಿಟ್, ಅಂದರೆ 8 ಮಟ್ಟ. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, 16 ಮಟ್ಟ. ಬೆಲೆ ಇಳಿದದ್ದು ಹೀಗೆ. ಆದರೆ ಮಟ್ಟಗಳ ನಡುವಿನ ಅಂತರವೂ ಹೀಗೆಯೇ ಕಿರಿದಾಯಿತು. ಪ್ರತಿ ಸಲ ಅಳಿಸಿ ಬರೆದಾಗಲೂ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಸವೆದ ಪದರದಿಂದ ಎಲೆಕ್ಟ್ರಾನ್‌ಗಳು ನಿಧಾನವಾಗಿ ಸೋರುತ್ತವೆ. ಹಾಗಾಗಿ ಬರೆದ ಮಟ್ಟ ಒಂದು, ಓದುವಾಗ ಕಾಣುವ ಮಟ್ಟ ಇನ್ನೊಂದು ಆಗತೊಡಗುತ್ತದೆ. ಡ್ರೈವಿನೊಳಗಿನ ಕಂಟ್ರೋಲರ್ ಚಿಪ್ ದೋಷ ತಿದ್ದುವ ಗಣಿತದಿಂದ ಇದನ್ನು ಸರಿಮಾಡಿಕೊಳ್ಳುತ್ತದೆ. ಅದರಿಂದಲೂ ಆಗದಿದ್ದರೆ ವೋಲ್ಟೇಜಿನ ಗಡಿಗಳನ್ನು ಸರಿಸಿ ಸರಿಸಿ ಅದೇ ಪುಟವನ್ನು, ಅಂದರೆ ಒಟ್ಟಿಗೆ ಓದುವ ಕೋಶಗಳ ಗುಂಪನ್ನು, ಮತ್ತೆ ಮತ್ತೆ ಓದುತ್ತದೆ. ಕೆಡುತ್ತಿರುವ ಎಸ್‌ಎಸ್‌ಡಿ ಎಷ್ಟೋ ಸಲ ಮೊದಲು ನಿಧಾನವಾಗುವುದು ಇದೇ ಕಾರಣಕ್ಕೆ.

ಒಂದು ಅಳತೆಯನ್ನು ಇಲ್ಲಿ ಹೇಳಬೇಕು. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ಬರೆಯುವ ಆಯುಷ್ಯವನ್ನು ಪೂರ್ತಿ ಮುಗಿಸಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯೊಂದು ವಿದ್ಯುತ್ತಿಲ್ಲದೆ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟುಕೊಂಡರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೂ ಚೆನ್ನಾಗಿ ಸವೆದ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ಅದೇ ನಮ್ಮ ದಾಖಲೆ ಸಂಗ್ರಹ ಎಂದು ನಂಬುವ ಕಚೇರಿಗಳು ಈ ನಿಯಮವನ್ನು ಒಮ್ಮೆ ಓದಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆ 30 ಡಿಗ್ರಿಗೆ ನಿಲ್ಲುವುದಿಲ್ಲ; ಉಷ್ಣತೆ ಏರಿದಷ್ಟೂ ಸೋರಿಕೆ ಹೆಚ್ಚು.

ಸೋರಿಕೆಯಲ್ಲದೆ ಇನ್ನೊಂದು ವಿಚಿತ್ರವೂ ಇದೆ. ಫ್ಲ್ಯಾಶ್‌ನಲ್ಲಿ ಪುಟ ಪುಟವಾಗಿ ಬರೆಯಬಹುದು, ಆದರೆ ಅಳಿಸಬೇಕಾದರೆ ನೂರಾರು ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು. ಬರೆದದ್ದರ ಮೇಲೆ ಬರೆಯಲು ಬರುವುದಿಲ್ಲ. ಆದ್ದರಿಂದ ನೀವು ಒಂದು ಕಡತವನ್ನು ತಿದ್ದಿ ಉಳಿಸಿದಾಗ ಕಂಟ್ರೋಲರ್ ಅದನ್ನು ಬೇರೆಲ್ಲೋ ಹೊಸ ಪುಟದಲ್ಲಿ ಬರೆದು, ‘ಈ ವಿಳಾಸ ಈಗ ಅಲ್ಲಿದೆ’ ಎಂದು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಲಿನಕ್ಸ್‌ಗೆ ಕಾಣುವ ಸೆಕ್ಟರ್ ಸಂಖ್ಯೆಗೂ ಚಿಪ್‌ನ ನಿಜವಾದ ಜಾಗಕ್ಕೂ ಇರುವ ಸಂಬಂಧ ಆ ಕೋಷ್ಟಕವೊಂದೇ. ಹಿಂದಿನ ಕಾಲದ ಊರಿನಲ್ಲಿ ಶಾನುಭೋಗರ ಜಮೀನಿನ ದಾಖಲೆ ಪುಸ್ತಕ ಸುಟ್ಟುಹೋದರೆ ಹೊಲಗಳೆಲ್ಲ ಇದ್ದಲ್ಲೇ ಇದ್ದರೂ ಯಾವುದು ಯಾರದೆಂದು ಹೇಳುವವರಿಲ್ಲದಂತಾಗುತ್ತಿತ್ತಲ್ಲ, ಕೋಷ್ಟಕ ಕೆಟ್ಟ ಎಸ್‌ಎಸ್‌ಡಿಯ ಸ್ಥಿತಿಯೂ ಅಂಥದೇ.

ಕಂಟ್ರೋಲರಿನ ಲೆಕ್ಕ ತಪ್ಪಿದರೆ ಡ್ರೈವೇ ಕೈಕೊಡುತ್ತದೆ ಎಂಬುದಕ್ಕೆ ದಾಖಲಾದ ನಿದರ್ಶನಗಳಿವೆ. 2011ರಲ್ಲಿ ಇಂಟೆಲ್‌ನ 320 ಸರಣಿಯ ಕೆಲವು ಡ್ರೈವ್‌ಗಳು ಹಠಾತ್ತನೆ ವಿದ್ಯುತ್ ಹೋದ ಮೇಲೆ ತಮ್ಮ ಗಾತ್ರ ಬರೀ 8 ಎಂಬಿ ಎಂದು ಹೇಳಿಕೊಳ್ಳತೊಡಗಿದವು. 2019ರ ನವೆಂಬರಿನಲ್ಲಿ ಎಚ್‌ಪಿಇ ಸಂಸ್ಥೆ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ಸತ್ತುಹೋಗುತ್ತವೆ, ಫರ್ಮ್‌ವೇರ್ ಬದಲಿಸಿ ಎಂದು ಎಚ್ಚರಿಸಿತು. 32,768 ಎಂದರೆ ಎರಡರ ಹದಿನೈದನೆಯ ಘಾತ. ಚಿಪ್ ಒಂದಿಷ್ಟೂ ಸವೆಯದೆ, ಎಣಿಕೆಯ ತಪ್ಪೊಂದರಿಂದ ಡ್ರೈವ್ ಮುಗಿದುಹೋಗುವ ಸ್ಥಿತಿ ಅದು. ಜತೆಗೂಡಿಸಿದ ಡ್ರೈವ್‌ಗಳೆಲ್ಲ ಒಂದೇ ಹೊತ್ತಿಗೆ ಕೆಲಸಕ್ಕೆ ಹಚ್ಚಿದವಾಗಿದ್ದರೆ ಒಂದೇ ಗಂಟೆಗೆ ಎಲ್ಲವೂ ಹೋಗಬಹುದಿತ್ತು.

ವಿದ್ಯುತ್ ಕಡಿತದ ಬಗೆಗೆ ದತ್ತಾಂಶ ಸಂಗ್ರಹದ ಕುರಿತ 2013ರ ಫಾಸ್ಟ್ ಸಮ್ಮೇಳನದಲ್ಲಿ ಮಂಡನೆಯಾದ ಸಂಶೋಧನೆಯೊಂದನ್ನು ಉಲ್ಲೇಖಿಸುತ್ತೇನೆ. 15 ಎಸ್‌ಎಸ್‌ಡಿಗಳಿಗೆ ಬೇಕೆಂದೇ ನಡುವೆ ವಿದ್ಯುತ್ ಕತ್ತರಿಸಿ ನೋಡಿದಾಗ 13ರಲ್ಲಿ ಒಂದಲ್ಲ ಒಂದು ದೋಷ ಕಂಡಿತು. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಓಡಿಸುವ ನಮ್ಮ ತಾಲ್ಲೂಕು ಕೇಂದ್ರಗಳ ಶಾಲೆ, ಕಚೇರಿಗಳಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ಇನ್ನು ಗೂಗಲ್‌ನ ದತ್ತಾಂಶ ಕೇಂದ್ರಗಳ ಆರು ವರ್ಷಗಳ ಅನುಭವವನ್ನು ಆಧರಿಸಿ 2016ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಮೊದಲ ನಾಲ್ಕು ವರ್ಷಗಳಲ್ಲಿ, ಮಾದರಿಗೆ ತಕ್ಕಂತೆ, ಶೇಕಡಾ 20ರಿಂದ 63 ಡ್ರೈವ್‌ಗಳು ತಿದ್ದಲಾಗದ ದೋಷವನ್ನು ಒಮ್ಮೆಯಾದರೂ ಕಂಡವು. ಎಸ್‌ಎಸ್‌ಡಿಗಳು ಹಾರ್ಡ್ ಡಿಸ್ಕ್‌ಗಳಿಗಿಂತ ಕಡಿಮೆ ಸಂಖ್ಯೆಯಲ್ಲಿ ಪೂರ್ತಿ ಕೆಡುತ್ತವೆ ಎಂದೂ ಅದೇ ಅಧ್ಯಯನ ಹೇಳಿತು. ಅಂದರೆ ಡ್ರೈವ್ ಬದುಕಿದ್ದರೂ ಅದರೊಳಗಿನ ಕೆಲವು ಕಡತಗಳು ಸದ್ದಿಲ್ಲದೆ ಹೋಗುವುದು ಸಾಮಾನ್ಯ ಸಂಗತಿ.

ಈಗ ಎರಡನೆಯ ಭಾಗ. ಲಕ್ಷಣಗಳು ಯಾವುವು? ಕಡತ ತೆರೆಯಲು ಅಸಹಜ ತಡ, ಯಂತ್ರ ಕೆಲವು ಸೆಕೆಂಡು ಕಲ್ಲಾಗುವುದು, ಟರ್ಮಿನಲ್‌ನಲ್ಲಿ ‘ಇನ್‌ಪುಟ್/ಔಟ್‌ಪುಟ್ ಎರರ್’, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಸೆಕ್ಟರ್ ಸಂಖ್ಯೆಯ ಸಮೇತ ಓದುವ ದೋಷಗಳ ಸಾಲು. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆ ಇಂಥ ದೋಷ ಕಂಡಾಗ ತನ್ನನ್ನು ಓದಲು ಮಾತ್ರ ಎಂಬ ಸ್ಥಿತಿಗೆ ಬದಲಿಸಿಕೊಳ್ಳುವಂತೆ ಹಲವು ವಿತರಣೆಗಳಲ್ಲಿ ವ್ಯವಸ್ಥೆ ಮಾಡಿರುತ್ತಾರೆ. ‘ಉಳಿಸಲು ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದು. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಸಲಕರಣೆ ಡ್ರೈವಿನ ಒಳಲೆಕ್ಕವನ್ನು ತೋರಿಸುತ್ತದೆ. ಎನ್‌ವಿಎಂಇ ಡ್ರೈವ್ ಆದರೆ ಅದರಲ್ಲಿ ಉಳಿದಿರುವ ಮೀಸಲು ಬ್ಲಾಕುಗಳ ಪ್ರಮಾಣ, ಬಳಸಿದ ಆಯುಷ್ಯದ ಶೇಕಡಾವಾರು, ಮಾಧ್ಯಮ ದೋಷಗಳ ಎಣಿಕೆ, ಈ ಮೂರನ್ನು ನೋಡಬೇಕು. ಆಯುಷ್ಯ ಶೇಕಡಾ 100 ದಾಟಿದರೂ ಡ್ರೈವ್ ಓಡಬಹುದು. ಆದರೆ ಮಾಧ್ಯಮ ದೋಷ ಏರುತ್ತಿದ್ದರೆ ಕಾಯಬಾರದು. ಲೆಕ್ಕ ಓದಿದರೆ ಸಾಕು. ಕೆಡುತ್ತಿರುವ ಡ್ರೈವಿನ ಮೇಲೆ ದೀರ್ಘ ಸ್ವಯಂಪರೀಕ್ಷೆ ನಡೆಸಬೇಡಿ. ಉಳಿದಿರುವ ಓದುವ ಶಕ್ತಿಯೆಲ್ಲ ಪ್ರತಿ ತೆಗೆಯಲು ಬೇಕು.

ಇಲ್ಲಿ ಎರಡು ಪರಿಸ್ಥಿತಿಗಳನ್ನು ಬಿಡಿಸಿ ನೋಡಬೇಕೆಂದು ಎಲ್ಲರಲ್ಲಿ ಕೇಳಿಕೊಳ್ಳುತ್ತೇನೆ. ಎರಡಕ್ಕೂ ನಿಯಮಗಳು ಒಂದಕ್ಕೊಂದು ವಿರುದ್ಧ, ಮತ್ತು ಇವೆರಡನ್ನು ಬೆರೆಸಿಕೊಂಡು ಜನ ದತ್ತಾಂಶ ಕಳೆದುಕೊಳ್ಳುತ್ತಾರೆ.

ಒಂದು, ಆರೋಗ್ಯವಾಗಿರುವ ಡ್ರೈವಿನಿಂದ ಕಡತವನ್ನು ನೀವೇ ತಪ್ಪಿ ಅಳಿಸಿದ್ದೀರಿ. ಆಗ ಯಂತ್ರವನ್ನು ತಕ್ಷಣ ನಿಲ್ಲಿಸಬೇಕು. ಏಕೆಂದರೆ ‘ಟ್ರಿಮ್’ ಎಂಬ ಆಜ್ಞೆಯ ಮೂಲಕ ಲಿನಕ್ಸ್ ‘ಈ ಜಾಗ ನನಗೆ ಬೇಡ’ ಎಂದು ಡ್ರೈವಿಗೆ ತಿಳಿಸುತ್ತದೆ. ಹಲವು ವಿತರಣೆಗಳಲ್ಲಿ ಇದು ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ. ಆ ಆಜ್ಞೆ ತಲುಪಿದ ಮೇಲೆ ಸಾಮಾನ್ಯವಾಗಿ ಆ ಜಾಗ ಓದಿದರೆ ಸಿಗುವುದು ಸೊನ್ನೆಗಳೇ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಅಳಿಸಿದ ಕಡತ ತಿಂಗಳುಗಟ್ಟಲೆ ಉಳಿಯುತ್ತಿದ್ದ ಅನುಭವವನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು, ಡ್ರೈವೇ ಕೆಡುತ್ತಿದೆ, ಆದರೆ ಇನ್ನೂ ಓದಿ ಕೊಡುತ್ತಿದೆ. ಆಗ ನಿಲ್ಲಿಸಬಾರದು. ಮರುಚಾಲನೆ ಮಾಡಿ ನೋಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆಯಬೇಕು. ದಿ ಟೆಕ್ ರಿಪೋರ್ಟ್ ಜಾಲತಾಣ 2013ರಿಂದ 2015ರವರೆಗೆ ಆರು ಎಸ್‌ಎಸ್‌ಡಿಗಳಿಗೆ ಸಾಯುವ ತನಕ ಬರೆಯುವ ಪರೀಕ್ಷೆ ನಡೆಸಿತು. ಅದರಲ್ಲಿ ಇಂಟೆಲ್ 335 ಮಾದರಿಯ ಡ್ರೈವ್ ಸುಮಾರು 700 ಟೆರಾಬೈಟ್ ಬರೆದ ಮೇಲೆ ಬರೆಯುವುದನ್ನು ನಿಲ್ಲಿಸಿತು. ಹಾಗೆ ರೂಪಿಸಿದ್ದೇ ಬಳಕೆದಾರರು ತಮ್ಮ ದತ್ತಾಂಶ ಎತ್ತಿಕೊಳ್ಳಲಿ ಎಂದು. ಆದರೆ ಯಂತ್ರವನ್ನು ಮರುಚಾಲನೆ ಮಾಡಿದೊಡನೆ ಆ ಡ್ರೈವ್ ಮತ್ತೆ ಎದ್ದೇಳಲಿಲ್ಲ. ಆರಂಭವಾಗುವಾಗ ಕಂಟ್ರೋಲರ್ ತನ್ನ ಕೋಷ್ಟಕವನ್ನು ಫ್ಲ್ಯಾಶ್‌ನಿಂದಲೇ ಓದಿ ಕಟ್ಟಿಕೊಳ್ಳಬೇಕು. ಆ ಪುಟಗಳೇ ಕೆಟ್ಟಿದ್ದರೆ ಮೇಲೇಳುವುದು ಕಷ್ಟ. ಓಡುತ್ತಿರುವ ಡ್ರೈವಿನಲ್ಲಿ ಆ ಕೋಷ್ಟಕ ಈಗಾಗಲೇ ಸಿದ್ಧವಾಗಿದೆ. ಆದ್ದರಿಂದ ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದನ್ನು ಜೋಡಿಸಿ, ನಿಮಗೆ ಅತಿ ಮುಖ್ಯವಾದ ಕಡತಕೋಶವನ್ನು ಕೂಡಲೇ ನಕಲು ಮಾಡಿಕೊಳ್ಳಿ. ಲಿನಕ್ಸ್ ಅದೇ ಡ್ರೈವಿನಿಂದ ಓಡುತ್ತಿದ್ದರೆ ಹೊಸ ತಂತ್ರಾಂಶ ಇಳಿಸಲು ಹೋಗಬೇಡಿ. ನಕಲು ಮಾಡುವ ಸರಳ ಆಜ್ಞೆ ಈ ಮೊದಲೇ ಬಳಸಿದ್ದಾದರೆ ಅದು ರ್‍ಯಾಮ್‌ನಲ್ಲೇ ಇರುವ ಸಂಭವವುಂಟು, ಅದು ಸಾಕು.

ಇಡೀ ಡಿಸ್ಕಿನ ಪ್ರತಿಯನ್ನೇ ಮೊದಲು ತೆಗೆಯಬೇಕು, ಬಿಡಿ ಕಡತಗಳನ್ನು ಮುಟ್ಟಬಾರದು ಎಂದು ಹಾರ್ಡ್ ಡಿಸ್ಕಿನ ಪಾಠಗಳು ಹೇಳುತ್ತವೆ. ಅಲ್ಲಿ ಓದುವ ಮುಳ್ಳು ಅತ್ತಿಂದಿತ್ತ ಓಡಾಡಿದಷ್ಟೂ ಅಪಾಯ ಹೆಚ್ಚು. ಎಸ್‌ಎಸ್‌ಡಿಯಲ್ಲಿ ಅಂಥ ಮುಳ್ಳಿಲ್ಲ. ಆದ್ದರಿಂದ ಕೆಲವೇ ಎಂಬಿಯ ಪ್ರಬಂಧವೊಂದನ್ನು ಮೊದಲು ಎತ್ತಿಕೊಂಡು ಆಮೇಲೆ ಇಡೀ ಡಿಸ್ಕಿಗೆ ಕೈಹಾಕುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ರೈವ್ ಬಯೋಸ್‌ನಲ್ಲಿ ಕಾಣುವುದೇ ಇಲ್ಲ, ಅಥವಾ ತನ್ನ ಹೆಸರನ್ನೂ ಗಾತ್ರವನ್ನೂ ತಪ್ಪಾಗಿ ಹೇಳುತ್ತಿದೆ ಎಂದಾದರೆ ಇಂದು ನಾನು ಹೇಳುವ ಯಾವ ತಂತ್ರಾಂಶವೂ ಅಲ್ಲಿಗೆ ತಲುಪದು. ಒಂದು ಪ್ರಯತ್ನ ಮಾತ್ರ ಉಂಟು. ಸಾಟಾ ಡ್ರೈವಿಗೆ ದತ್ತಾಂಶದ ಕೇಬಲ್ ಇಲ್ಲದೆ ವಿದ್ಯುತ್ತನ್ನು ಮಾತ್ರ ಕೊಟ್ಟು ಸುಮಾರು 20 ನಿಮಿಷ ಬಿಡುವುದು, ಅರ್ಧ ನಿಮಿಷ ತೆಗೆಯುವುದು, ಮತ್ತೊಮ್ಮೆ ಹಾಗೆಯೇ ಮಾಡುವುದು. ಹಠಾತ್ ವಿದ್ಯುತ್ ಕಡಿತದ ಬಳಿಕ ಕೋಷ್ಟಕ ಮತ್ತೆ ಕಟ್ಟಿಕೊಳ್ಳಲು ಕಂಟ್ರೋಲರ್‌ಗೆ ಸಮಯ ಸಿಗಲೆಂದು ಕ್ರೂಷಿಯಲ್ ಸಂಸ್ಥೆ ತನ್ನ ಗ್ರಾಹಕರಿಗೆ ಸೂಚಿಸಿರುವ ಕ್ರಮವಿದು. ಅದಕ್ಕೂ ಜಗ್ಗದಿದ್ದರೆ ಪ್ರಯೋಗಾಲಯವೇ ಗತಿ. ಅವರ ಬಳಿ ಪಿಸಿ-3000ದಂಥ ಉಪಕರಣಗಳಿರುತ್ತವೆ. ಚಿಪ್ ಕಿತ್ತು ಓದಿದರಾಯಿತು ಎಂಬುದು ಇಂದಿನ ಡ್ರೈವ್‌ಗಳಲ್ಲಿ ಅಷ್ಟು ಸುಲಭವಲ್ಲ. ಕಂಟ್ರೋಲರ್ ದತ್ತಾಂಶವನ್ನು ಹಲವು ಚಿಪ್‌ಗಳಿಗೆ ಹಂಚಿ, ಕಲಸಿ, ಎಷ್ಟೋ ಮಾದರಿಗಳಲ್ಲಿ ಗೂಢಲಿಪಿಗೂ ಬದಲಿಸಿ ಬರೆದಿರುತ್ತದೆ. ಫ್ರಿಜ್‌ನಲ್ಲಿಟ್ಟು ತೆಗೆಯುವ ಉಪಾಯವನ್ನಂತೂ ಮಾಡಬೇಡಿ. ಹಲಗೆಯ ಮೇಲೆ ನೀರು ಕೂರುತ್ತದೆ.

ಈಗ ಮೂರನೆಯ ಭಾಗವಾದ ಪ್ರತಿ ತೆಗೆಯುವ ಕೆಲಸಕ್ಕೆ ಬರೋಣ. ಮುಖ್ಯವಾದದ್ದನ್ನು ಎತ್ತಿಕೊಂಡಾಯಿತು, ಅಥವಾ ಯಂತ್ರ ತಾನಾಗಿ ನಿಂತೇ ಹೋಯಿತು ಎನ್ನೋಣ. ಡ್ರೈವನ್ನು ಬೇರೊಂದು ಗಣಕಕ್ಕೆ ನೇರವಾಗಿ ಜೋಡಿಸಬೇಕು. ಅಗ್ಗದ ಯುಎಸ್‌ಬಿ ಅಡಾಪ್ಟರ್‌ಗಳು ದೋಷ ಬಂದಾಗ ತಾವೇ ತಬ್ಬಿಬ್ಬಾಗುತ್ತವೆ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ವಿತರಣೆ ಪೆನ್‌ಡ್ರೈವಿನಿಂದಲೇ ಆರಂಭವಾಗುತ್ತದೆ, ಬೇಕಾದ ಸಲಕರಣೆಗಳೆಲ್ಲ ಅದರಲ್ಲಿವೆ. ಮಾಮೂಲಿ ಡೆಸ್ಕ್‌ಟಾಪ್ ಲಿನಕ್ಸ್ ಆದರೆ ಡ್ರೈವ್ ಕಂಡೊಡನೆ ಮೌಂಟ್ ಮಾಡುವ, ಅಂದರೆ ಅದರ ಕಡತಗಳನ್ನು ತೆರೆಯಲು ಸಿದ್ಧಪಡಿಸುವ, ಅಭ್ಯಾಸವನ್ನು ಮೊದಲು ನಿಲ್ಲಿಸಿ. ಒಂದು ಸೂಕ್ಷ್ಮವಿದೆ: ಎಕ್ಸ್‌ಟಿ4 ಪಾರ್ಟಿಷನ್ನನ್ನು ‘ಓದಲು ಮಾತ್ರ’ ಎಂದು ಮೌಂಟ್ ಮಾಡಿದರೂ, ಅದರ ಜರ್ನಲ್‌ನಲ್ಲಿ (ಬರೆಯಬೇಕಾದ ಬದಲಾವಣೆಗಳ ದಿನಚರಿಯಲ್ಲಿ) ಬಾಕಿ ಉಳಿದಿದ್ದರೆ ಕರ್ನಲ್ ಅದನ್ನು ಡಿಸ್ಕಿಗೆ ಬರೆದು ಮುಗಿಸುತ್ತದೆ. ಅದನ್ನು ತಡೆಯಲು ‘ನೋಲೋಡ್’ ಎಂಬ ಆಯ್ಕೆ ಸೇರಿಸಬೇಕು. ಎಕ್ಸ್‌ಎಫ್‌ಎಸ್ ಆದರೆ ‘ನೋರಿಕವರಿ’. ಇನ್ನು ಕಡತ ವ್ಯವಸ್ಥೆ ದುರಸ್ತಿ ಮಾಡುವ ‘ಎಫ್‌ಎಸ್‌ಸಿಕೆ’ಯನ್ನು ಕೆಡುತ್ತಿರುವ ಡ್ರೈವಿನ ಮೇಲೆ ಎಂದೂ ನಡೆಸಬಾರದು. ಅದು ಓದಲಾಗದ್ದನ್ನು ಇಲ್ಲದ್ದೆಂದು ತಿಳಿದು ಕೊಂಡಿಗಳನ್ನು ಕತ್ತರಿಸುತ್ತದೆ, ಮತ್ತು ಬರೆಯುತ್ತದೆ. ಸಾಯುತ್ತಿರುವ ಫ್ಲ್ಯಾಶ್‌ಗೆ ಬರೆಯುವುದೇ ಅತಿ ಭಾರವಾದ ಕೆಲಸ. ದುರಸ್ತಿ ಏನಿದ್ದರೂ ಪ್ರತಿಯ ಮೇಲೆ.

ಪ್ರತಿ ತೆಗೆಯಲು ನಾನು ನಂಬುವ ಸಲಕರಣೆ ಗ್ನೂ ಡಿಡಿರೆಸ್ಕ್ಯೂ. ಅಂತೋನಿಯೊ ಡಿಯಾಸ್ ಡಿಯಾಸ್ ಎಂಬವರು 2004ರಿಂದ ಬೆಳೆಸುತ್ತ ಬಂದಿರುವ ಮುಕ್ತ ತಂತ್ರಾಂಶ ಇದು. ಡೆಬಿಯನ್, ಉಬುಂಟುಗಳಲ್ಲಿ ಇದರ ಪ್ಯಾಕೇಜಿನ ಹೆಸರು ‘ಜಿಡಿಡಿರೆಸ್ಕ್ಯೂ’; ಹೆಚ್ಚುಕಡಿಮೆ ಇದೇ ಹೆಸರಿನ ಬೇರೊಂದು ತಂತ್ರಾಂಶವೂ ಇರುವುದರಿಂದ ಗಮನವಿರಲಿ. ಹಳೆಯ ‘ಡಿಡಿ’ ಆಜ್ಞೆ ಆರಂಭದಿಂದ ಕೊನೆಯವರೆಗೆ ನೇರವಾಗಿ ಓದುತ್ತ, ದೋಷ ಬಂದಲ್ಲಿ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ದೋಷ ಕಂಡಲ್ಲಿ ತಡವರಿಸದೆ ಮುಂದಕ್ಕೆ ಜಿಗಿಯುತ್ತದೆ. ಅದು ಮುಗಿದ ಮೇಲೆ ಬಿಟ್ಟ ಜಾಗಗಳ ಅಂಚುಗಳನ್ನು ಓದುತ್ತದೆ, ಆಮೇಲೆ ಒಳಗಿನ ಸೆಕ್ಟರುಗಳನ್ನು ಒಂದೊಂದಾಗಿ ಕೆರೆದು ನೋಡುತ್ತದೆ, ಕೊನೆಗೆ ನೀವು ಹೇಳಿದಷ್ಟು ಸಲ ಮರುಪ್ರಯತ್ನ ಮಾಡುತ್ತದೆ.

ಇದರ ಜೀವ ಇರುವುದು ‘ಮ್ಯಾಪ್‌ಫೈಲ್’ ಎಂಬ ಪುಟ್ಟ ಪಠ್ಯ ಕಡತದಲ್ಲಿ. ಯಾವ ಸೆಕ್ಟರಿನಿಂದ ಎಷ್ಟು ದೂರ ಓದಿ ಆಯಿತು, ಯಾವುದು ಬಾಕಿ, ಯಾವುದು ಕೆಟ್ಟದ್ದು ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಓದಿ ಆದದ್ದಕ್ಕೆ ಕೂಡಿಸುವ ಗುರುತು, ಕೆಟ್ಟದ್ದಕ್ಕೆ ಕಳೆಯುವ ಗುರುತು, ಇನ್ನೂ ಮುಟ್ಟದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ. ನಡುವೆ ವಿದ್ಯುತ್ ಹೋದರೂ ಡ್ರೈವ್ ಮಾಯವಾದರೂ ಇದರಿಂದಾಗಿ ಬಿಟ್ಟಲ್ಲಿಂದಲೇ ಮುಂದುವರಿಯಬಹುದು, ಒಮ್ಮೆ ಓದಿದ ಸೆಕ್ಟರನ್ನು ಮತ್ತೆ ಓದಿಸಿ ಡ್ರೈವನ್ನು ದಣಿಸಬೇಕಿಲ್ಲ. ಮ್ಯಾಪ್‌ಫೈಲ್ ಇಲ್ಲದೆ ಡಿಡಿರೆಸ್ಕ್ಯೂ ಓಡಿಸಿದರೆ ಅದರ ಅರ್ಧ ಪ್ರಯೋಜನವೂ ಸಿಗದು. ಆ ಕಡತವನ್ನು ಆರೋಗ್ಯವಾದ ಡಿಸ್ಕಿನಲ್ಲಿ, ಪ್ರತಿಯ ಪಕ್ಕದಲ್ಲೇ ಇಡಿ.

ಕ್ರಮ ಹೀಗಿರಲಿ. ಕೆಟ್ಟ ಡ್ರೈವಿಗಿಂತ ದೊಡ್ಡದಾದ ಖಾಲಿ ಡಿಸ್ಕ್ ಬೇಕು. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಗಾತ್ರ ಮತ್ತು ಕ್ರಮಸಂಖ್ಯೆ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಮತ್ತೆ ದಾರಿಯಿಲ್ಲ. ಮೊದಲ ಸುತ್ತಿನಲ್ಲಿ ಕೆರೆಯುವ ಹಂತ ಬೇಡವೆಂಬ ಆಯ್ಕೆ ಕೊಟ್ಟು ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಕರ್ನಲ್‌ನ ಸಂಗ್ರಹವನ್ನು ಬದಿಗಿಟ್ಟು ನೇರವಾಗಿ ಓದುವ ಆಯ್ಕೆಯೊಡನೆ, ಎರಡು ಮೂರು ಮರುಪ್ರಯತ್ನಗಳಿಗೆ ಬಿಡಿ. ಬಳಿಕ ಕೊನೆಯಿಂದ ಹಿಂದಕ್ಕೆ ಓದಿಸಿ ನೋಡುವುದೂ ಉಂಟು.

ಎಸ್‌ಎಸ್‌ಡಿಯಲ್ಲಿ ಮಾತ್ರ ಕಾಣುವ ಕೆಲವು ನಡವಳಿಕೆಗಳಿವೆ. ಖಾಲಿ ಜಾಗವನ್ನು ಓದುವಾಗ ಕಂಟ್ರೋಲರ್ ಫ್ಲ್ಯಾಶನ್ನು ಮುಟ್ಟದೆ ಸೊನ್ನೆಗಳನ್ನೇ ಕೊಡುವುದರಿಂದ ಡಿಸ್ಕಿನ ಎಷ್ಟೋ ಭಾಗ ಬಹಳ ಬೇಗ ಸಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರುಗಳು ಸಾಮಾನ್ಯವಾಗಿ ಗುಂಪಾಗಿರುತ್ತವೆ; ಇಲ್ಲಿ ಅಕ್ಕಪಕ್ಕದ ವಿಳಾಸಗಳು ಅಕ್ಕಪಕ್ಕದ ಜಾಗದಲ್ಲಿಯೇ ಇರಬೇಕೆಂದಿಲ್ಲವಾದ್ದರಿಂದ ದೋಷಗಳು ಚದುರಿರಬಹುದು. ಎಲ್ಲಕ್ಕಿಂತ ಕಾಡುವುದು ಡ್ರೈವ್ ಹಠಾತ್ತನೆ ಗಣಕಕ್ಕೆ ಕಾಣದಂತೆ ಮಾಯವಾಗುವುದು. ಕಂಟ್ರೋಲರ್ ಒಂದು ಕೆಟ್ಟ ಪುಟದೊಡನೆ ಹೆಣಗಿ ಸಿಕ್ಕಿಹಾಕಿಕೊಳ್ಳುತ್ತದೆ, ಕರ್ನಲ್ ಕಾದು ಕಾದು ಡ್ರೈವನ್ನೇ ಕೈಬಿಡುತ್ತದೆ. ಆಗ ಮುಂದಿನ ಪ್ರತಿಯೊಂದು ಓದೂ ಕ್ಷಣದಲ್ಲಿ ವಿಫಲವಾಗಿ, ಚೆನ್ನಾಗಿರುವ ಜಾಗವೂ ಮ್ಯಾಪ್‌ಫೈಲ್‌ನಲ್ಲಿ ಕೆಟ್ಟದ್ದೆಂದು ದಾಖಲಾಗುವ ಅಪಾಯವಿದೆ. ಇದಕ್ಕಾಗಿ ದೋಷ ಬಂದಾಗಲೆಲ್ಲ ಹಿಂದೆ ಸರಿಯಾಗಿ ಓದಿದ್ದ ಸೆಕ್ಟರನ್ನು ಮತ್ತೊಮ್ಮೆ ಓದಿ ಡ್ರೈವ್ ಇದೆಯೇ ಎಂದು ಪರೀಕ್ಷಿಸುವ ಆಯ್ಕೆ ಡಿಡಿರೆಸ್ಕ್ಯೂನಲ್ಲಿದೆ. ಮಾಯವಾದ ಡ್ರೈವಿಗೆ ವಿದ್ಯುತ್ತನ್ನು ಪೂರ್ತಿ ತೆಗೆದು ಮತ್ತೆ ಕೊಡಬೇಕು. ಅದನ್ನು ಕೆಡವಿದ ಜಾಗವನ್ನು ಮ್ಯಾಪ್‌ಫೈಲ್ ನೋಡಿ ತಿಳಿದುಕೊಂಡು, ಅದರಿಂದ ಆಚೆಗೆ ಆರಂಭದ ಸ್ಥಾನ ಕೊಟ್ಟು ಮುಂದುವರಿಸಬೇಕು. ಆ ಜಾಗಕ್ಕೆ ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಬರಬೇಕು. ತಾಳ್ಮೆ ಬೇಡುವ ಕೆಲಸವಿದು, ಆದರೆ ಪ್ರತಿಯೊಂದು ಸಲವೂ ಕೆಲವು ಗಿಗಾಬೈಟ್ ಮುಂದಕ್ಕೆ ಹೋಗುತ್ತೀರಿ.

ಡಿಸ್ಕ್ ಲಿನಕ್ಸ್‌ನ ಲಕ್ಸ್ ಎಂಬ ಗೂಢಲಿಪಿ ವ್ಯವಸ್ಥೆಯಲ್ಲಿದ್ದರೆ ಒಂದು ಎಚ್ಚರಿಕೆ. ಬೀಗದ ಕೈಗಳಿರುವ ತಲೆಭಾಗ, ಸಾಮಾನ್ಯವಾಗಿ 16 ಎಂಬಿ, ಆ ಪಾರ್ಟಿಷನ್ನಿನ ಆರಂಭದಲ್ಲಿರುತ್ತದೆ. ಅದು ಹೋದರೆ ಉಳಿದ ಟೆರಾಬೈಟ್ ಪೂರ್ತಿ ಓದಿದರೂ ಅದು ಅರ್ಥವಿಲ್ಲದ ಬೈಟುಗಳ ರಾಶಿ. ಅದನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಿ. ಡ್ರೈವ್ ಚೆನ್ನಾಗಿರುವಾಗಲೇ ಅದರ ಪ್ರತಿ ಇಟ್ಟುಕೊಳ್ಳಲು ‘ಕ್ರಿಪ್ಟ್‌ಸೆಟಪ್’ನಲ್ಲಿ ಒಂದೇ ಆಜ್ಞೆ ಸಾಕು.

ಕೊನೆಯ ಭಾಗಕ್ಕೆ ಬಂದೆವು. ಕೈಯಲ್ಲಿ ಈಗ ಪ್ರತಿಯಿದೆ. ಆ ಪ್ರತಿಗೂ ಒಂದು ಪ್ರತಿ ಮಾಡಿಕೊಂಡು ಎರಡನೆಯದರ ಮೇಲೆ ಮಾತ್ರ ಕೆಲಸ ಮಾಡಿ. ಅದರ ಮೇಲೆ ಎಫ್‌ಎಸ್‌ಸಿಕೆ ಧಾರಾಳವಾಗಿ ನಡೆಸಬಹುದು. ಎಕ್ಸ್‌ಟಿ4ನ ಮೂಲ ವಿವರಗಳಿರುವ ಮೊದಲ ಸೂಪರ್‌ಬ್ಲಾಕ್ ಕೆಟ್ಟಿದ್ದರೆ 4 ಕೆಬಿ ಬ್ಲಾಕಿನ ವ್ಯವಸ್ಥೆಯಲ್ಲಿ ಅದರ ಮೊದಲ ನಕಲು 32,768ನೆಯ ಬ್ಲಾಕಿನಲ್ಲಿ ಸಿಗುತ್ತದೆ. ಯಾವ ಕಡತಗಳು ಕೆಟ್ಟ ಸೆಕ್ಟರಿನ ಮೇಲೆ ಬಿದ್ದಿವೆ ಎಂದು ತಿಳಿಯಲು ಒಂದು ಸೊಗಸಾದ ಉಪಾಯವಿದೆ. ಓದಲಾಗದ ಜಾಗಗಳಿಗೆಲ್ಲ ಡಿಡಿರೆಸ್ಕ್ಯೂನಿಂದಲೇ ಪ್ರತಿಯಲ್ಲಿ ಒಂದು ಗುರುತಿನ ಪದ ತುಂಬಿಸಿ, ಮೌಂಟ್ ಮಾಡಿ, ಆ ಪದವಿರುವ ಕಡತಗಳನ್ನು ಹುಡುಕುವುದು. ಸಿಕ್ಕ ಪಟ್ಟಿಯೇ ನಿಮ್ಮ ನಷ್ಟದ ಪಟ್ಟಿ. ಎಷ್ಟೋ ಸಲ ಅದರಲ್ಲಿ ಮತ್ತೆ ಇಳಿಸಿಕೊಳ್ಳಬಹುದಾದ ತಂತ್ರಾಂಶದ ಕಡತಗಳೇ ತುಂಬಿರುತ್ತವೆ.

ಕಡತ ವ್ಯವಸ್ಥೆಯೇ ಹಾಳಾಗಿದ್ದರೆ ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್, ಫೋಟೊರೆಕ್ ಇವೆ. ಮೊದಲನೆಯದು ಕಳೆದ ಪಾರ್ಟಿಷನ್ನುಗಳನ್ನು ಹುಡುಕುತ್ತದೆ. ಎರಡನೆಯದು ಕಡತಗಳ ಆರಂಭದ ಬೈಟುಗಳ ಗುರುತಿನಿಂದ ಚಿತ್ರ, ಧ್ವನಿ, ದಾಖಲೆಗಳನ್ನು ಹೆಕ್ಕುತ್ತದೆ. ಹೆಸರು, ಕಡತಕೋಶ ಉಳಿಯುವುದಿಲ್ಲ, ಸಂಖ್ಯೆಗಳು ಮಾತ್ರ.

ಕನ್ನಡ ಪಠ್ಯದ ಬಗೆಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ವಲಯವಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟು: ಮೊದಲನೆಯದು 224, ಎರಡನೆಯದು 178 ಅಥವಾ 179. ‘ಕ’ ಎಂದರೆ 224, 178, 149. ತೆಲುಗಿನಲ್ಲಿ ಎರಡನೆಯ ಬೈಟು 176 ಅಥವಾ 177, ಮಲಯಾಳದಲ್ಲಿ 180 ಅಥವಾ 181. ಹೀಗಾಗಿ ಕೋಟ್ಯಂತರ ಬೈಟುಗಳ ಪ್ರತಿಯಲ್ಲಿ 224ರ ನಂತರ 178 ಅಥವಾ 179 ಮತ್ತೆ ಮತ್ತೆ ಬರುವ ಜಾಗವನ್ನು ‘ಗ್ರೆಪ್’ ಆಜ್ಞೆಯಿಂದ ಹುಡುಕಿದರೆ, ಅಲ್ಲಿ ಕನ್ನಡ ಬರಹವಿದೆಯೆಂದು ಕಡತದ ಹೆಸರಿಲ್ಲದೆಯೂ ತಿಳಿಯುತ್ತದೆ. 4,096 ಬೈಟಿನ ಒಂದು ಬ್ಲಾಕ್ ಉಳಿದರೂ ಸುಮಾರು 1,300 ಸಂಕೇತಗಳು, ಅಂದರೆ ಒಂದು ದೊಡ್ಡ ಪ್ಯಾರಾ, ಉಳಿಯಿತು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ಈ ಪದ್ಧತಿಯನ್ನು ರೂಪಿಸುವಾಗ, ನಡುವೆ ಎಲ್ಲಿ ತುಂಡಾದರೂ ಮುಂದಿನ ಅಕ್ಷರದಿಂದ ಓದು ಸರಿಹೋಗುವಂತೆ ಮಾಡಿದರು. ಆದ್ದರಿಂದ ಬ್ಲಾಕಿನ ಅಂಚಿನಲ್ಲಿ ಒಂದು ಅಕ್ಷರ ಹೋಗಬಹುದು, ಸಾಲು ಹೋಗದು.

ಎರಡು ಮಿತಿಗಳಿವೆ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು ಈ ಹುಡುಕಾಟಕ್ಕೆ ಸಿಗದು. ಅಂಥಲ್ಲಿ ನಿಮ್ಮ ಬರಹದಲ್ಲಿ ಇದ್ದೇ ಇರುತ್ತದೆ ಎನ್ನುವ ಒಂದು ಪದವನ್ನು ಅದೇ ಶೈಲಿಯಲ್ಲಿ ಟೈಪಿಸಿ, ಅದರ ಬೈಟುಗಳನ್ನು ನೋಡಿಕೊಂಡು ಹುಡುಕಬೇಕು. ಇನ್ನು ವರ್ಡ್, ಲಿಬ್ರೆಆಫೀಸ್‌ಗಳ ಈಗಿನ ಕಡತಗಳು ಒಳಗೆ ಜಿಪ್ ಮಾಡಿದವು. ಅವುಗಳಲ್ಲಿ ಅಕ್ಷರ ನೇರವಾಗಿ ಕಾಣುವುದಿಲ್ಲ, ನಡುವೆ ಒಂದು ಬ್ಲಾಕ್ ಹೋದರೆ ಅದರ ಮುಂದಿನ ಪಠ್ಯ ಬಿಡಿಸುವುದು ಬಹಳ ಕಷ್ಟ. ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ವಾರಕ್ಕೊಮ್ಮೆ ತಮ್ಮ ಕರಡನ್ನು ಸರಳ ಪಠ್ಯ ಕಡತವಾಗಿಯೂ ಉಳಿಸಿಟ್ಟುಕೊಳ್ಳಲಿ, ಬೇರೊಂದು ಡಿಸ್ಕಿನಲ್ಲಿ.

ಈ ಸಂಸ್ಥೆಯಲ್ಲಿ ನನ್ನದೊಂದು ಕೋರಿಕೆಯಿದೆ. ಗ್ರಂಥಾಲಯದ ಎರವಲು ಕಟ್ಟೆಯಲ್ಲಿ ಸಿಸ್ಟಮ್‌ರೆಸ್ಕ್ಯೂ ತುಂಬಿದ ಎರಡು ಪೆನ್‌ಡ್ರೈವ್‌ಗಳು, 4 ಟೆರಾಬೈಟಿನ ಒಂದು ಖಾಲಿ ಹಾರ್ಡ್ ಡಿಸ್ಕ್, ಸಾಟಾ ಮತ್ತು ಎನ್‌ವಿಎಂಇ ಡ್ರೈವ್ ಜೋಡಿಸಬಹುದಾದ ಒಂದು ಡೆಸ್ಕ್‌ಟಾಪ್, ಅದಕ್ಕೊಂದು ಯುಪಿಎಸ್ ಇರಲಿ. ಪುಸ್ತಕದಂತೆಯೇ ಅವನ್ನು ಎರವಲು ಕೊಡಲಿ. ಮೊದಲ ಗಂಟೆಯಲ್ಲಿ ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನು, ಡಿಡಿರೆಸ್ಕ್ಯೂನ ಎರಡು ಸುತ್ತುಗಳ ಆಜ್ಞೆಗಳ ಸಮೇತ, ಕನ್ನಡದಲ್ಲಿ ಬರೆದು ಗ್ರಂಥಪಾಲಕರಿಗೆ ಒಪ್ಪಿಸಿದ್ದೇನೆ. ಮುದ್ರಿಸಿ ಆ ಡೆಸ್ಕ್‌ಟಾಪ್‌ನ ಪಕ್ಕದ ಗೋಡೆಗೆ ಅಂಟಿಸಬಹುದು.